ಕೋವಿಗೆ ಕಟ್ಟಿದ ತಂಬಿಗೆ

ಹೊಳೆಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಗುರುಗಳೆಂದರೆ ಕಾವಿ ಉಟ್ಟವರಲ್ಲ, ಮಂತ್ರ ಹೇಳಿಕೊಡುವವರೂ ಅಲ್ಲ. ಕೋವಿ ರಿಪೇರಿ ಮಾಡುವವರು. ಹೆಸರು ಮೋನಪ್ಪಾಚಾರ್.

ಆ ಸೀಮೆಯಲ್ಲಿ ಮನೆಮನೆಗೂ ಒಂದು ಕೋವಿ. ಕೈಲು ಮುಹೂರ್ತದ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಗದ್ದೆಗೆ ಹಂದಿ ನುಗ್ಗಿದರೆ ಅದನ್ನೇ ಎತ್ತಿಕೊಂಡು ಓಡುತ್ತಾರೆ. ಕೆಟ್ಟರೆ ಮೋನಪ್ಪಾಚಾರರ ಹತ್ತಿರ ತರುತ್ತಾರೆ.

ಅವರಿಗಿದ್ದವನು ಒಬ್ಬನೇ ಶಿಷ್ಯ, ಪುರಂದರ. ಹದಿನಾಲ್ಕು ವರ್ಷದಿಂದ ಜೊತೆಗಿದ್ದ. ಈಗ ಅವನಿಗೆ ಮೂವತ್ತು ದಾಟಿತ್ತು. ಗುರುಗಳ ಕಣ್ಣಿಗೆ ಪೊರೆ ಬಂದ ಮೇಲೆ ಸೂಕ್ಷ್ಮದ ಕೆಲಸವೆಲ್ಲ ಅವನದೇ.

ಅಲ್ಲಿ ಒಂದು ಪದ್ಧತಿಯಿತ್ತು. ಈ ಕಥೆ ನಿಂತಿರುವುದೇ ಅದರ ಮೇಲಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಮದ್ದುಗುಂಡು ತುಂಬಿದ ಕೊಳವೆಗೆ ತೋಟೆ ಎನ್ನುತ್ತಾರೆ. ಆ ತೋಟೆಯ ಮೇಲೆ ಬಡಿಯುವ ಕಬ್ಬಿಣದ ತುಂಡಿಗೆ ಕುದುರೆ ಎನ್ನುತ್ತಾರೆ. ಕುದುರೆಯನ್ನು ಹಿಂದಕ್ಕೆಳೆದರೆ ಅದು ಒಳಗಿನ ಒಂದು ಸಣ್ಣ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಟ್ರಿಗರ್ ಎಳೆದಾಗ ಹಲ್ಲು ಬಿಡುತ್ತದೆ, ಕುದುರೆ ಬಡಿಯುತ್ತದೆ, ಗುಂಡು ಹೊರಡುತ್ತದೆ. ಇಷ್ಟೇ ಕೋವಿ.

ಟ್ರಿಗರ್ ಎಷ್ಟು ಬಿಗಿಯಿರಬೇಕು? ಅದಕ್ಕೆ ಗುರುಗಳ ಅಳತೆ ಒಂದು ಹಿತ್ತಾಳೆ ತಂಬಿಗೆ.

ರಿಪೇರಿಯಾದ ಕೋವಿಯನ್ನು ಖಾಲಿ ಮಾಡಿ, ನಳಿಗೆಯೊಳಗೆ ಮೂರು ಸಲ ನೋಡಿ, ಮೂತಿ ಮೇಲೆ ಮಾಡಿ ಬಿಗಿದು ನಿಲ್ಲಿಸುತ್ತಿದ್ದರು. ಕುದುರೆ ಎಳೆದು, ಟ್ರಿಗರ್‌ಗೆ ಹುರಿಯಿಂದ ತಂಬಿಗೆಯನ್ನು ಕಟ್ಟುತ್ತಿದ್ದರು. ತಂಬಿಗೆಯ ತುಂಬ ಹೊಳೆಯ ನೀರು.

ಆಗ ಗುರುಗಳು ಕೇಳುತ್ತಿದ್ದರು, "ತುಂಬಿದೆಯಾ?"

ಪುರಂದರ ಬಗ್ಗಿ ನೋಡಿ ಹೇಳುತ್ತಿದ್ದ, "ತುಂಬಿದೆ, ಗುರುಗಳೇ."

ಕಣ್ಣು ಕಾಣದ ಗುರುಗಳು ಕಿವಿ ಕೊಟ್ಟು ಕೂರುತ್ತಿದ್ದರು. ನೂರು ಎಣಿಸುವವರೆಗೂ ಕುದುರೆ ಬೀಳದಿದ್ದರೆ ಕೋವಿಯ ಮೇಲೆ ತಂಬಿಗೆಯ ಆಕಾರದ ಪುಟ್ಟ ಮುದ್ರೆ ಒತ್ತುತ್ತಿದ್ದರು. ಬಿದ್ದರೆ ಕೋವಿ ಮನೆಗೆ ಹೋಗುತ್ತಿರಲಿಲ್ಲ.

ಆ ಮುದ್ರೆಯಿದ್ದ ಕೋವಿಯನ್ನು ಜನ ಕಣ್ಣು ಮುಚ್ಚಿ ನಂಬುತ್ತಿದ್ದರು. ಗೋಡೆಗೆ ತೂಗುಹಾಕಿ ಅದರ ಕೆಳಗೇ ಚಾಪೆ ಹಾಸಿ ಮಲಗುತ್ತಿದ್ದರು.

ಒಂದು ದಿನ ಹೊಳೆಯಾಚೆಯ ಚಂಗಪ್ಪ ತನ್ನ ಒಂಟಿ ನಳಿಗೆಯ ಕೋವಿ ತಂದ. ಮರದ ಹಿಡಿ ಬಿರುಕು ಬಿಟ್ಟಿತ್ತು. ಅದನ್ನು ಸರಿ ಮಾಡಬೇಕಿತ್ತು. ಆದರೆ ಅವನ ಮನಸ್ಸಿನಲ್ಲಿದ್ದದ್ದು ಬೇರೆ.

"ಆಚಾರ್ರೇ, ಈ ಸಲ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೇಲಿ ನಾನೇ ಗೆಲ್ಲಬೇಕು. ಟ್ರಿಗರ್ ಸ್ವಲ್ಪ ಹಗುರ ಮಾಡ್ಕೊಡಿ."

"ಎಷ್ಟು ಹಗುರ?"

"ನಾನು ಮನಸ್ಸು ಮಾಡಿದರೆ ಸಾಕು, ಹಾರಬೇಕು."

"ಚಂಗಪ್ಪನವರೇ, ಹೋದ ವರ್ಷ ನೀವು ನನ್ನ ಮೇಲೆ ಸಿಟ್ಟಾಗಿ, ಈ ಮುದುಕನ್ನ ಹೊಳೆಗೆ ತಳ್ಳಿಬಿಡ್ತೀನಿ ಅಂದಿರಿ. ನೆನಪಿದೆಯಾ?"

ಚಂಗಪ್ಪ ನಕ್ಕ. "ಬಾಯಿಮಾತು ಆಚಾರ್ರೇ. ಆಮೇಲೆ ನಾನೇ ಬಂದು ಕಾಪಿ ಕುಡಿದೆನಲ್ಲ."

"ಮನಸ್ಸು ಮಾಡಿದ್ರಿ. ಆಮೇಲೆ ಬಿಟ್ರಿ. ನಡುವೆ ಒಂದಿಷ್ಟು ಹೊತ್ತು ಇತ್ತು, ಅದಕ್ಕೇ ನಾನು ಇನ್ನೂ ಒಣಗಿದ್ದೀನಿ. ಆ ಹೊತ್ತನ್ನ ಅರ ಹಾಕಿ ಉಜ್ಜಿಬಿಡು ಅಂತೀರಲ್ಲ. ಆಗಲ್ಲ."

ಚಂಗಪ್ಪನ ನಗು ನಿಂತಿತು. ಹಿಡಿಯನ್ನಷ್ಟೇ ಸರಿ ಮಾಡಿ ಎಂದು ಕೋವಿ ಇಟ್ಟು ಹೊರಟ.

ಪುರಂದರ ಅವನನ್ನು ದೋಣಿಯವರೆಗೆ ಬಿಡಲು ಹೋದ. ದಾರಿಯಲ್ಲಿ ಚಂಗಪ್ಪ ಹೇಳಿದ, "ಏನಯ್ಯಾ, ನಿನ್ನ ಗುರುಗಳಿಗೆ ಕಣ್ಣಿಲ್ಲ. ಕೈ ನಿನ್ನದು. ಹೆಸರು ಮಾತ್ರ ಅವರದ್ದು. ನಾನು ಗೆದ್ದರೆ ಮೈದಾನದಲ್ಲಿ ನಿಂತು ಹೇಳ್ತೀನಿ, ಇದು ಪುರಂದರನ ಕೈಕೆಲಸ ಅಂತ. ಹಗುರ ಮಾಡಿಯೂ ತಂಬಿಗೆ ತಡೆಯೋ ಹಾಗೆ ಮಾಡು ನೋಡೋಣ. ಆಗ ಗುರುವನ್ನೂ ಮೀರಿಸಿದ ಹಾಗೆ."

ಹದಿನಾಲ್ಕು ವರ್ಷದಲ್ಲಿ ಪುರಂದರನ ಹೆಸರನ್ನು ಯಾರೂ ಮೈದಾನದಲ್ಲಿ ಹೇಳಿರಲಿಲ್ಲ. ಆ ಮಾತು ಅವನ ಕಿವಿಯಲ್ಲಿ ಉಳಿಯಿತು.

ಅವನು ಹಿಡಿಯನ್ನು ಸರಿ ಮಾಡಿದ. ಗುರುಗಳು ಸ್ನಾನಕ್ಕೆ ಹೋದಾಗ ಒಳಗಿನ ಹಲ್ಲನ್ನೂ ಅರ ಹಾಕಿ ಉಜ್ಜಿದ.

ಹಗುರವಾಯಿತು. ಆದರೆ ತಂಬಿಗೆ ತಡೆಯಲಿಲ್ಲ. ತುಂಬಿದ ತಂಬಿಗೆಯನ್ನು ಕಟ್ಟಿ ಕೈ ಬಿಡುವ ಮುಂಚೆಯೇ ಕುದುರೆ ಟಕ್ಕೆಂದು ಬಿತ್ತು. ಮುಕ್ಕಾಲು ತಂಬಿಗೆಗೂ ಬಿತ್ತು. ಅರ್ಧಕ್ಕೂ ಬಿತ್ತು. ತಳದಲ್ಲಿ ನಾಲ್ಕು ಬೆರಳು ನೀರಿದ್ದಾಗ ಮಾತ್ರ ನಿಂತಿತು.

ಸವೆಸಿದ ಹಲ್ಲನ್ನು ಮತ್ತೆ ಬೆಳೆಸುವುದಕ್ಕಾಗುವುದಿಲ್ಲ. ಹೊಸದನ್ನು ಮಾಡಿ ಕೂರಿಸಬೇಕು. ಗುರುಗಳಿಗೆ ಹೇಳಬೇಕು. ಅದು ಪುರಂದರನಿಗೆ ಗೊತ್ತಿತ್ತು.

ಸಂಜೆ ಗುರುಗಳು ಬಂದು ಕೂತರು. "ತುಂಬಿದೆಯಾ?"

ಪುರಂದರ ಬಗ್ಗಿ ನೋಡಿದ. ತಳದಲ್ಲಿ ನಾಲ್ಕು ಬೆರಳು ನೀರು.

"ತುಂಬಿದೆ, ಗುರುಗಳೇ."

ನೂರು ಎಣಿಸಿದರು. ಕುದುರೆ ಬೀಳಲಿಲ್ಲ. ಗುರುಗಳು ತಡಕಾಡಿ ಮುದ್ರೆಯ ಜಾಗ ಹುಡುಕಿ, ತಮ್ಮ ಕೈಯಾರೆ ಒತ್ತಿದರು.

ಹಬ್ಬ ಬಂತು. ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಚಂಗಪ್ಪ ಮೂರು ಕಾಯಿಗೆ ಮೂರನ್ನೂ ಒಡೆದ. ಹೇಳಿದ ಮಾತಿನಂತೆ ಮೈದಾನದಲ್ಲಿ ನಿಂತು ಪುರಂದರನ ಹೆಸರು ಹೇಳಿದ. ಜನ ತಿರುಗಿ ನೋಡಿದರು.

ಅದೇ ಮಧ್ಯಾಹ್ನ ಪುರಂದರ ಗುರುಗಳ ಎದುರು ಬಂದು ಕೂತ. ಅವನಿಗೆ ಸಂತೋಷವಾಗಿತ್ತು. ಸಂತೋಷದಲ್ಲೇ ಎಲ್ಲವನ್ನೂ ಹೇಳಿದ. ಅರ ಹಾಕಿದ್ದು, ನಾಲ್ಕು ಬೆರಳು ನೀರು, ಎಲ್ಲವನ್ನೂ.

"ನೀವು ಸುಮ್ಮನೆ ಹೆದರ್ತಿದ್ರಿ, ಗುರುಗಳೇ. ನೋಡಿ, ಏನೂ ಆಗಲಿಲ್ಲವಲ್ಲ."

ಗುರುಗಳು ಬೈಯಲಿಲ್ಲ. ಎದ್ದು, ಗೋಡೆಯ ಮೇಲಿದ್ದ ತಮ್ಮ ತಂದೆಯ ಕಾಲದ ಕೋವಿಯನ್ನು ಇಳಿಸಿದರು.

"ಅದಕ್ಕೆ ಏನು ಮಾಡಿದೆಯೋ ಇದಕ್ಕೂ ಅದನ್ನೇ ಮಾಡು."

"ಗುರುಗಳೇ, ಇದು ನಿಮ್ಮ ತಂದೆಯವರದ್ದು. ಹಾಳಾಗುತ್ತೆ."

"ಹಾಳಾಗುತ್ತೆ ಅಂತ ಈಗ ನಿನ್ನ ಬಾಯಿಂದ ಬಂತು. ಮಾಡು."

ಮಾಡಿ ಮುಗಿಸುವಾಗ ಹೊತ್ತು ಇಳಿದಿತ್ತು.

ಮರುದಿನ ಬೆಳಿಗ್ಗೆ ಗುರುಗಳು ಕೋವಿಯನ್ನು ಬಿಚ್ಚಿಸಿ, ಖಾಲಿಯಿದೆಯೆಂದು ಮೂರು ಸಲ ನೋಡಿಸಿದರು. ಕುದುರೆ ಎಳೆದು ಗೋಡೆಯ ಬುಡದಲ್ಲಿ ನೆಲದ ಮೇಲೆ ಮಲಗಿಸಿದರು. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ತಿರುಗಿಸಬಾರದು ಎಂಬುದು ಅಲ್ಲಿಯ ಕಟ್ಟಳೆ. ಆದ್ದರಿಂದ ಅದರ ಮೂತಿಯ ಎದುರಿಗೆ ಒಂದು ಖಾಲಿ ಮಣೆಯನ್ನಷ್ಟೇ ಇಟ್ಟರು. ಪುರಂದರ ದಿನವೂ ಊಟಕ್ಕೆ ಕೂರುವ ಮಣೆ ಅದು.

"ಇವತ್ತು ಬೇರೆ ಕೆಲಸವಿಲ್ಲ. ಮನೆಯಲ್ಲಿ ಜನ ಇರೋ ಹಾಗೆ ಇರೋಣ."

ಇಬ್ಬರೂ ಮನೆಯಲ್ಲಿ ಜನ ಇರುವ ಹಾಗೆ ಇದ್ದರು. ಪುರಂದರ ನೀರು ತಂದು ಕೊಡ ಇಳಿಸಿದ. ಟಕ್ ಎಂದು ಕುದುರೆ ಬಿತ್ತು. ಗುರುಗಳು ಮಣೆಯ ಮೇಲೆ ಒಂದು ಹುಣಸೆಬೀಜ ಇಟ್ಟು, ಮತ್ತೆ ಕುದುರೆ ಎಳೆದು ಮಲಗಿಸಿದರು.

ಗಾಳಿಗೆ ಬಾಗಿಲು ಬಡಿಯಿತು. ಟಕ್. ಒಂದು ಬೀಜ.

ಒರಳಿನಲ್ಲಿ ಖಾರ ಕುಟ್ಟಿದರು. ಟಕ್. ಬೆಕ್ಕು ಮೈ ಉಜ್ಜಿ ಹೋಯಿತು. ಟಕ್. ಒಮ್ಮೆ ಏನೂ ಆಗಿರಲಿಲ್ಲ, ಇಬ್ಬರೂ ಸುಮ್ಮನೆ ಕೂತಿದ್ದರು, ಆಗಲೂ ಟಕ್ ಎಂದಿತು.

ಮಧ್ಯಾಹ್ನದ ಹೊತ್ತಿಗೆ ಮಣೆಯ ಮೇಲೆ ಒಂಬತ್ತು ಬೀಜಗಳಿದ್ದವು.

"ಊಟಕ್ಕೆ ಕೂರು," ಎಂದರು ಗುರುಗಳು.

ಪುರಂದರ ಮಣೆಯ ಕಡೆ ಹೋಗಲಿಲ್ಲ. ಕೋವಿ ಖಾಲಿಯಿದೆ ಎಂದು ಅವನಿಗೆ ಗೊತ್ತಿತ್ತು. ಅವನೇ ಮೂರು ಸಲ ನೋಡಿದ್ದ.

"ಚಂಗಪ್ಪನ ಮನೆಯಲ್ಲಿ ಈ ಜಾಗದಲ್ಲಿ ಯಾರು ಕೂರ್ತಾರೆ?"

ಪುರಂದರ ಚಪ್ಪಲಿಯನ್ನೂ ಮೆಟ್ಟದೆ ದೋಣಿಯ ಕಡೆ ಓಡಿದ.

ಹೊಳೆಯಾಚೆ ಚಂಗಪ್ಪನ ಮನೆಯ ಅಂಗಳದಲ್ಲಿ ಅವನ ತಾಯಿ ದೇಚಮ್ಮ ಮೊರ ಹಿಡಿದು ಅಲಸಂದೆ ಸುಲಿಯುತ್ತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ, ಮಾತು ಮಾತ್ರ ಚುರುಕು.

"ಯಾರಪ್ಪಾ ನೀನು, ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಬರ್ತಿದ್ದೀಯ?"

"ಪುರಂದರ, ಅಮ್ಮಾ. ಕೋವಿ ಆಚಾರರ ಶಿಷ್ಯ."

"ಓ, ನೀನೇನಾ! ನಿನ್ನೆಯಿಂದ ನನ್ನ ಮಗ ನೆಲದ ಮೇಲೆ ನಡೀತಿಲ್ಲ ಮಾರಾಯ. ಕೋವಿಯನ್ನ ಪಕ್ಕದಲ್ಲೇ ಮಲಗಿಸ್ಕೊಂಡಿದ್ದ. ಕಟ್ಕೊಂಡ ಹೆಂಡತಿಯನ್ನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ರೆ ಅವಳು ತವರಿಗೆ ಯಾಕೆ ಹೋಗ್ತಿದ್ದಳು? ಕೂತ್ಕೋ ಮಗ. ಕಾಪಿ ತರ್ತೀನಿ."

ಚಂಗಪ್ಪ ಹೊರಗೆ ಬಂದ. "ಏನು ಪುರಂದರಾಚಾರ್ರು ಇಲ್ಲಿವರೆಗೆ!" ಎಂದ. ಹಾಗೆ ಅವನನ್ನು ಯಾರೂ ಕರೆದಿರಲಿಲ್ಲ.

ಪುರಂದರ ನಿಂತೇ ಹೇಳಿದ, "ಕೋವಿ ಒಂದೆರಡು ದಿನಕ್ಕೆ ಬೇಕಿತ್ತು."

"ಯಾಕೆ?"

ಹೇಳಬೇಕಾದದ್ದು ಸಣ್ಣ ಮಾತು. ದೋಣಿಯಲ್ಲಿ ಬರುವಾಗ ಅದನ್ನೇ ಹತ್ತು ಸಲ ಹೇಳಿಕೊಂಡಿದ್ದ. ಆದರೆ ಮುದುಕಿ ಕಾಪಿ ಹಿಡಿದು ನಿಂತಿದ್ದಳು. ಚಂಗಪ್ಪ ಆಚಾರ್ರು ಎಂದು ಕರೆದಿದ್ದ. ನಿನ್ನೆ ಮೈದಾನದಲ್ಲಿ ಜನ ತಿರುಗಿ ನೋಡಿದ್ದರು.

"ಒಳಗೆ ಸ್ವಲ್ಪ ಎಣ್ಣೆ ಹಾಕಬೇಕು," ಎಂದ.

"ಎಣ್ಣೆ ನಾನೇ ಹಾಕ್ತೀನಿ ಬಿಡು. ಮುಂದಿನ ವಾರ ಇನ್ನೊಂದು ಸ್ಪರ್ಧೆಯಿದೆ, ಕೈ ಅಭ್ಯಾಸ ತಪ್ಪುತ್ತೆ." ಚಂಗಪ್ಪ ಅವನ ಮುಖವನ್ನು ಸರಿಯಾಗಿ ನೋಡಿದ. "ಬೇರೆ ಏನಾದರೂ ತೊಂದರೆ ಇದೆಯೇನಯ್ಯಾ? ಮುದ್ರೆ ಒತ್ತಿದೆಯಲ್ಲ. ತಂಬಿಗೆ ತುಂಬಿತ್ತು ತಾನೆ?"

ಪುರಂದರ ನೆಲ ನೋಡಿದ.

"ತುಂಬಿತ್ತು," ಎಂದ.

"ಮತ್ತೆ ಯಾಕೆ ಹೆದರಿದ ಕೋಳಿ ಹಾಗೆ ನಿಂತಿದ್ದೀಯ? ಕಾಪಿ ಕುಡಿ."

ಅವನು ಕಾಪಿ ಕುಡಿದ. ದೇಚಮ್ಮ ಲೋಟ ತೆಗೆದುಕೊಂಡು, ಬರಿಗಾಲಲ್ಲಿ ಯಾಕೆ ಬಂದೆ, ಮುಳ್ಳು ಚುಚ್ಚುತ್ತೆ ಎಂದು ಬೈದಳು.

ಸಂಜೆ ಅವನು ಮರಳಿದಾಗ ಗುರುಗಳು ಜಗುಲಿಯಲ್ಲೇ ಕೂತಿದ್ದರು.

"ಕೋವಿ ಎಲ್ಲಿ?"

"ಕೊಡಲಿಲ್ಲ."

"ಏನಂತ ಕೇಳಿದೆ?"

"ಎಣ್ಣೆ ಹಾಕಬೇಕು ಅಂತ."

ಗುರುಗಳು ಎದ್ದು ನಿಂತರು. ಕೋಲಿಗಾಗಿ ತಡಕಾಡಿದರು. ಆದರೆ ಹೊಳೆ ತುಂಬಿ ಹರಿಯುತ್ತಿತ್ತು. ಅಂಥ ದಿನಗಳಲ್ಲಿ ಬೆಳಕಿರುವಾಗ ಮಾತ್ರ ದೋಣಿ. ದೋಣಿಯವನು ಆಗಲೇ ದೋಣಿ ಕಟ್ಟಿ ಮನೆಗೆ ಹೋಗಿದ್ದ.

"ನಾಳೆ ಮೊದಲ ದೋಣಿಗೆ ನಾನೂ ಬರ್ತೀನಿ," ಎಂದರು. ಆ ರಾತ್ರಿ ಊಟ ಮಾಡಲಿಲ್ಲ.

ಬೆಳಿಗ್ಗೆ ಮೊದಲ ದೋಣಿಯಲ್ಲಿ ಅವರಿಬ್ಬರೇ. ನಡು ಹೊಳೆಯಲ್ಲಿದ್ದಾಗ ಆಚೆ ದಡದಿಂದ ಕೋವಿಯ ಸದ್ದು ಕೇಳಿತು. ಒಂದೇ ಸದ್ದು.

"ಮಂಗ ಓಡಿಸ್ತಿದ್ದಾರೆ," ಎಂದ ದೋಣಿಯವನು. "ಸೀಬೆಕಾಯಿ ಕಾಲವಲ್ಲವೇ."

ಗುರುಗಳು ಶಿಷ್ಯನ ಕೈ ಹಿಡಿದುಕೊಂಡಿದ್ದರು. ಆ ಕೈಯನ್ನು ಬಿಟ್ಟರು.

ಮಂಗ ಬಂದದ್ದು ನಿಜ. ಚಂಗಪ್ಪ ತೋಟೆ ಹಾಕಿ, ಕುದುರೆ ಎಳೆದು ಅಂಗಳಕ್ಕೆ ಇಳಿದಿದ್ದ. ಅವನನ್ನು ಕಂಡು ಮಂಗಗಳು ಓಡಿಹೋದವು. ಹೊಡೆಯುವ ಅಗತ್ಯವೇ ಬೀಳಲಿಲ್ಲ. ಅವನು ಮರಳಿ ಬಂದು, ಚಪ್ಪಲಿ ಕಳಚುವುದಕ್ಕೆಂದು ಕೋವಿಯ ಬುಡವನ್ನು ಮೆಟ್ಟಿಲಿಗೆ ಊರಿದ. ಮೆಲ್ಲನೆಯೇ ಊರಿದ. ಮೂತಿ ಬಾಗಿಲ ಕಡೆ ವಾಲಿತ್ತು. ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ.

ಬಾಗಿಲಲ್ಲಿ ದೇಚಮ್ಮ ಕಾಪಿ ಹಿಡಿದು ನಿಂತಿದ್ದಳು.

ಗುರು ಶಿಷ್ಯರು ಅಂಗಳಕ್ಕೆ ಬಂದಾಗ ಚಂಗಪ್ಪ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಅವನು ತಲೆಯೆತ್ತಿ ಪುರಂದರನನ್ನು ನೋಡಿದ. ಕೂಗಾಡಲಿಲ್ಲ.

"ನಾನು ನಿನ್ನನ್ನ ಕೇಳಿದ್ದೆ," ಎಂದ. ಅಷ್ಟೇ.

ಪೊಲೀಸರು ಬಂದರು. ಮುದ್ರೆ ಯಾರದ್ದು ಎಂದು ಕೇಳಿದರು.

"ನನ್ನದು," ಎಂದರು ಗುರುಗಳು.

"ಕೆಲಸ ನನ್ನದು," ಎಂದ ಪುರಂದರ. ಇದ್ದದ್ದನ್ನೆಲ್ಲ ಬರೆಸಿದ. ಬರೆಸುವಾಗ ನಾಲಿಗೆ ತಡವರಿಸಲಿಲ್ಲ. ಆಗ ಅದು ಸುಲಭವಾಗಿತ್ತು.

ಗುರುಗಳ ಲೈಸೆನ್ಸ್ ಹೋಯಿತು. ಊರಿನವರು ಮುದ್ರೆಯಿದ್ದ ಕೋವಿಗಳನ್ನೆಲ್ಲ ಗೋಡೆಯಿಂದ ಇಳಿಸಿ ಅಟ್ಟಕ್ಕೆ ಹಾಕಿದರು. ಆ ಕೋವಿಗಳಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಯಾವುದಕ್ಕೆ ತಂಬಿಗೆ ತುಂಬಿತ್ತು, ಯಾವುದಕ್ಕೆ ತುಂಬಿರಲಿಲ್ಲ ಎಂದು ಹೇಳುವವರು ಯಾರು?

ಪುರಂದರ ಜೈಲಿನಲ್ಲಿದ್ದು, ಜಾಮೀನಿನ ಮೇಲೆ ಹೊರಗೆ ಬರುವಾಗ ಐದು ತಿಂಗಳಾಗಿತ್ತು. ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೊಳೆಯ ದಂಡೆಗೇ ಬಂದ.

ಗುರುಗಳು ಜಗುಲಿಯಲ್ಲಿ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದರು. ಈಗ ಕಣ್ಣು ಪೂರ್ತಿ ಹೋಗಿತ್ತು. ಕಾಲಿನ ಸದ್ದಿನಿಂದಲೇ ಗುರುತು ಹಿಡಿದರು.

"ಬಂದೆಯಾ."

"ಬಂದೆ, ಗುರುಗಳೇ."

ಅವನು ಅಂಗಳದಲ್ಲೇ ನಿಂತ. ಜಗುಲಿ ಹತ್ತಲಿಲ್ಲ. "ಗುರುಗಳೇ, ಜೈಲಿನಲ್ಲಿ ದಿನಾ ಯೋಚನೆ ಮಾಡಿದೆ. ಯಾವ ಜಾಗದಲ್ಲಿ ತಪ್ಪಿದೆ ಅಂತ. ಅರ ಹಿಡಿದಾಗಲೋ, ನಿಮಗೆ ಸುಳ್ಳು ಹೇಳಿದಾಗಲೋ, ಮೈದಾನದಲ್ಲಿ ಹೆಸರು ಕೇಳಿ ಹಿಗ್ಗಿದಾಗಲೋ. ಎಲ್ಲಿ ನಿಂತಿದ್ದರೆ ಆ ಅಮ್ಮ ಉಳೀತಿದ್ದಳು? ನನಗೆ ಗೊತ್ತಾಗ್ತಿಲ್ಲ. ನೀವು ಹೇಳಿ."

ಗುರುಗಳು ಕತ್ತಿಯನ್ನು ಕೆಳಗಿಟ್ಟರು. ಹಿಂದೆ ಕೈ ಚಾಚಿ, ಮೂಲೆಯಲ್ಲಿದ್ದ ಹಿತ್ತಾಳೆ ತಂಬಿಗೆಯನ್ನು ತೆಗೆದು ಮುಂದೆ ಚಾಚಿದರು. ತೊಳೆಯದೆ ಅದು ಕಪ್ಪಾಗಿತ್ತು.

"ಬಾಯಾರಿದೆ. ನೀರು ತಾ."

ಪುರಂದರ ಹೊಳೆಗೆ ಇಳಿದ. ತಂಬಿಗೆಯನ್ನು ಮರಳಿನಿಂದ ಉಜ್ಜಿ ತೊಳೆದ. ಬಾಯಿಯವರೆಗೆ ನೀರು ತುಂಬಿದ. ಮೆಟ್ಟಿಲು ಹತ್ತುವಾಗ ಸ್ವಲ್ಪ ಚೆಲ್ಲಿತು.

ಅವನು ಬಂದು ಎದುರು ನಿಂತ. ಗುರುಗಳು ಕೈ ಚಾಚಲಿಲ್ಲ.

"ತುಂಬಿದೆಯಾ?"

ಪುರಂದರ ಬಗ್ಗಿ ನೋಡಿದ. ಅವನ ಕಣ್ಣಿಂದ ಒಂದು ಹನಿ ತಂಬಿಗೆಯೊಳಗೆ ಬಿತ್ತು.

"ಇಲ್ಲ, ಗುರುಗಳೇ. ಒಂದು ಬೆರಳು ಕಡಿಮೆ ಇದೆ."

ಗುರುಗಳು ತಂಬಿಗೆ ತೆಗೆದುಕೊಂಡರು. ಕುಡಿದರು. ಬಾಯಿ ಒರೆಸಿಕೊಂಡು, ಹೊಳೆಯಾಚೆಯ ಕಡೆ ಮುಖ ತಿರುಗಿಸಿ ಹೇಳಿದರು:

"ಆ ದಿನ ಚಂಗಪ್ಪನ ಅಂಗಳದಲ್ಲಿ ಇಷ್ಟು ಹೇಳಿದ್ದರೆ ಸಾಕಿತ್ತು."